ಟಾಹೋ ದಡದಲ್ಲಿ ಫೋಟೋ ತೆಗೆಯುವ ಮುನ್ನ

ಬೇ ಏರಿಯಾದ ಕನ್ನಡಿಗರ ಮನೆಗೆ ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದರೆಂದರೆ ಲೇಕ್ ಟಾಹೋ ಪ್ರವಾಸ ಖಚಿತ. ನಾಲ್ಕು ಗಂಟೆಯ ಡ್ರೈವ್, ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ, ಹಿಂದಿರುಗುವಾಗ ಮುನ್ನೂರು ಫೋಟೋ! ಮನೆಗೆ ಬಂದು ನೋಡಿದರೆ ಅರ್ಧಕ್ಕರ್ಧ ಚಿತ್ರಗಳಲ್ಲಿ ನೀರು ಬಿಳಿಚಿಕೊಂಡಿರುತ್ತದೆ, ಇಲ್ಲವೇ ಹಿರಿಯರ ಮುಖ ಕಪ್ಪಾಗಿರುತ್ತದೆ. ಆರು ತಿಂಗಳಿಗೆಂದು ಬಂದವರು ಇನ್ನೊಮ್ಮೆ ಇಷ್ಟು ದೂರ ಬರುತ್ತಾರೋ ಇಲ್ಲವೋ. ಹಾಸನದ ಮನೆಯ ಗೋಡೆಗೆ ಏರುವುದು ಒಂದೇ ಫೋಟೋ, ಅದು ಚೆನ್ನಾಗಿರಬೇಕು.

ಅದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಸೂರ್ಯ ಯಾವ ಹೊತ್ತಿಗೆ ಎಲ್ಲಿರುತ್ತಾನೆಂದು ತಿಳಿದಿದ್ದರೆ ಮುಕ್ಕಾಲು ಕೆಲಸ ಆದ ಹಾಗೆ.

ಎಲ್ಲರೂ ಮೊದಲು ಹೋಗುವ ಎಮರಾಲ್ಡ್ ಬೇ ಸ್ಟೇಟ್ ಪಾರ್ಕನ್ನೇ ತೆಗೆದುಕೊಳ್ಳೋಣ. ಇದು ಸರೋವರದ ನೈಋತ್ಯ ಮೂಲೆಯಲ್ಲಿದೆ, ಕೊಲ್ಲಿಯ ಬಾಯಿ ಪೂರ್ವದ ಕಡೆಗಿದೆ. ಹೆದ್ದಾರಿ 89ರ ಪಕ್ಕದ ಇನ್‌ಸ್ಪಿರೇಷನ್ ಪಾಯಿಂಟ್‌ನಲ್ಲಿ ನಿಂತರೆ ಕೆಳಗೆ ಹಸಿರು ನೀಲಿ ನೀರು, ನಡುವೆ ಫ್ಯಾನೆಟ್ ದ್ವೀಪ. ಇಡೀ ಟಾಹೋದಲ್ಲಿ ಇರುವುದು ಈ ಒಂದೇ ದ್ವೀಪ. ದಡದಲ್ಲಿ ವೈಕಿಂಗ್ಸ್‌ಹೋಮ್ ಎಂಬ ಬಂಗಲೆಯನ್ನು 1929ರಲ್ಲಿ ಕಟ್ಟಿಸಿದ ಲೋರಾ ನೈಟ್ ಎಂಬಾಕೆ ದ್ವೀಪದ ತುದಿಯಲ್ಲಿ ಚಹಾ ಕುಡಿಯಲೆಂದೇ ಒಂದು ಕಲ್ಲಿನ ಮನೆ ಕಟ್ಟಿಸಿದ್ದರು. ಅದರ ಗೋಡೆಗಳು ಈಗಲೂ ಕಾಣುತ್ತವೆ.

ಇಲ್ಲಿ ಬೆಳಗ್ಗೆ ಸೂರ್ಯ ನಿಮ್ಮ ಎದುರಿಗೇ ಏಳುತ್ತಾನೆ. ಸೂರ್ಯೋದಯದ ಚಿತ್ರಕ್ಕೆ ಅದು ಸೊಗಸು, ಆದರೆ ಆಗ ಜನರನ್ನು ನೀರಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಅವರ ಮುಖಕ್ಕೆ ಬೆಳಕೇ ಬೀಳುವುದಿಲ್ಲ. ಮಧ್ಯಾಹ್ನ ಎರಡರಿಂದ ಮೂರೂವರೆಯೊಳಗೆ ಬನ್ನಿ. ಸೂರ್ಯ ಫೋಟೋ ತೆಗೆಯುವವರ ಬೆನ್ನ ಹಿಂದಕ್ಕೆ ಸರಿದಿರುತ್ತಾನೆ, ಮುಖಗಳೂ ನೀರಿನ ಬಣ್ಣವೂ ಒಟ್ಟಿಗೇ ಬೆಳಗುತ್ತವೆ. ತೀರ ಸಂಜೆ ಮಾಡಿದರೆ ಪಶ್ಚಿಮದ ಬೆಟ್ಟಗಳ ನೆರಳು ಕೊಲ್ಲಿಯನ್ನು ನುಂಗಿಬಿಡುತ್ತದೆ. ಬೆಳಗ್ಗೆಯಷ್ಟೇ ಹೋಗಲು ಸಾಧ್ಯವಾದರೆ ಫೋನಿನ ಪರದೆಯಲ್ಲಿ ಮುಖದ ಮೇಲೆ ಒತ್ತಿ ಹಿಡಿದು, ಬೆಳಕನ್ನು ಸ್ವಲ್ಪ ಏರಿಸಿ. ಆಕಾಶ ಬಿಳಿಯಾದರೂ ಪರವಾಗಿಲ್ಲ, ಅಮ್ಮನ ಮುಖ ಕಾಣಬೇಕು.

ಇನ್ನು ದ್ವೀಪದ ವಿಷಯ. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ದ್ವೀಪ ಫೋಟೋದಲ್ಲಿ ಸಾಸಿವೆ ಕಾಳಿನಷ್ಟಾಗುವುದೇಕೆ? ನಾವು ಜನರಿಗೆ ತೀರ ಹತ್ತಿರ ನಿಂತು ಅಗಲವಾದ ಲೆನ್ಸ್‌ನಲ್ಲಿ ತೆಗೆಯುವುದರಿಂದ. ಹತ್ತು ಹದಿನೈದು ಹೆಜ್ಜೆ ಹಿಂದೆ ಸರಿದು, ಫೋನಿನಲ್ಲಿ ಎರಡು ಅಥವಾ ಮೂರು ಪಟ್ಟು ಜೂಮ್ ಇಟ್ಟು ತೆಗೆಯಿರಿ. ಜನ ಅಷ್ಟೇ ಗಾತ್ರದಲ್ಲಿದ್ದು, ಹಿಂದಿನ ದ್ವೀಪ ಮಾತ್ರ ಹತ್ತಿರ ಬಂದಂತೆ ದೊಡ್ಡದಾಗುತ್ತದೆ. ಹಿಂದೆ ಸರಿಯುವಾಗ ನಿಮ್ಮ ಬೆನ್ನಿಗೆ ರಸ್ತೆ ಇದೆ ಎಂಬುದನ್ನು ಮರೆಯಬೇಡಿ. ಸೀರೆ ಉಡುವವರಿದ್ದರೆ ಅರಿಶಿನ ಅಥವಾ ಕೆಂಪು ಬಣ್ಣದ್ದು ಈ ನೀಲಿಯ ಮುಂದೆ ಎದ್ದು ಕಾಣುತ್ತದೆ. ಅದರ ಮೇಲೆ ಬೂದು ಬಣ್ಣದ ಜಾಕೆಟ್ ಹಾಕಿ ಎಲ್ಲವನ್ನೂ ಮುಚ್ಚುವುದು ನಮ್ಮವರ ಅಭ್ಯಾಸ. ಎರಡು ನಿಮಿಷ ತೆಗೆಸಿದರೆ ಸಾಕು.

ನೆವಾಡಾ ಕಡೆಯ ಸ್ಯಾಂಡ್ ಹಾರ್ಬರ್‌ನ ಲೆಕ್ಕ ಇದಕ್ಕೆ ತಿರುಗುಮುರುಗು. ಅದು ಈಶಾನ್ಯ ದಡ, ನೀರು ಪಶ್ಚಿಮಕ್ಕೆ. ಅಲ್ಲಿ ಬೆಳಗ್ಗೆ ಒಂಬತ್ತು ಹತ್ತರ ಹೊತ್ತೇ ಸರಿ. ಬಿಸಿಲು ಬೆನ್ನಿಗಿರುತ್ತದೆ, ಗಾಳಿಯೂ ಸಾಮಾನ್ಯವಾಗಿ ಎದ್ದಿರುವುದಿಲ್ಲ, ನೀರಿನಡಿಯ ದುಂಡು ಕಲ್ಲುಗಳು ಸ್ಪಷ್ಟವಾಗಿ ಕಾಣುತ್ತವೆ. ಕ್ಯಾಮೆರಾ ಇದ್ದವರು ಪೋಲರೈಸರ್ ಫಿಲ್ಟರ್ ಹಾಕಿ ನಿಧಾನವಾಗಿ ತಿರುಗಿಸಿ ನೋಡಿ, ನೀರಿನ ಮೇಲಿನ ಹೊಳಪು ಅಳಿಸಿದಂತೆ ಮಾಯವಾಗುತ್ತದೆ. ಫೋನಿನವರು ಪೋಲರೈಸ್ಡ್ ತಂಪು ಕನ್ನಡಕವನ್ನೇ ಲೆನ್ಸ್ ಮುಂದೆ ಹಿಡಿದು ತಿರುಗಿಸಬಹುದು. ಖರ್ಚಿಲ್ಲದ ಉಪಾಯ! ಈ ತಿಳಿನೀರು ಮೊದಲಿನಷ್ಟು ತಿಳಿಯಾಗಿ ಉಳಿದಿಲ್ಲ ಎಂಬುದು ಬೇರೆ ಮಾತು. 1968ರಲ್ಲಿ ಅಳತೆ ಶುರುವಾದಾಗ ಸುಮಾರು ನೂರು ಅಡಿ ಆಳದವರೆಗೆ ಬಿಳಿ ತಟ್ಟೆ ಕಾಣುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಅರವತ್ತು ಎಪ್ಪತ್ತು ಅಡಿಯ ಆಸುಪಾಸಿನಲ್ಲಿದೆ.

ಹಿರಿಯರನ್ನು ಕರೆದೊಯ್ಯುವವರಿಗೆ ಒಂದು ಎಚ್ಚರಿಕೆ. ಟಾಹೋ ನೀರಿನ ಮಟ್ಟವೇ 6,225 ಅಡಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ನೂರು ಅಡಿಯಷ್ಟೇ ಕೆಳಗೆ. ಎಮರಾಲ್ಡ್ ಬೇಯಲ್ಲಿ ದಡಕ್ಕೆ ಇಳಿಯುವ ದಾರಿ ಒಂದು ಮೈಲಿ, ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು. ಮಂಡಿನೋವು, ಉಬ್ಬಸ ಇದ್ದವರಿಗೆ ಮೇಲಿನ ನೋಟವೇ ಸಾಕು. ಈಗಲ್ ಫಾಲ್ಸ್‌ನಲ್ಲಿ ಮೇ, ಜೂನ್ ತಿಂಗಳಲ್ಲಿ ಹಿಮ ಕರಗಿದ ನೀರು ಭೋರ್ಗರೆಯುವಾಗ ಚಿತ್ರ ಅದ್ಭುತವಾಗಿ ಬರುತ್ತದೆ, ಬಂಡೆಗಳು ಜಾರುವುದೂ ಆಗಲೇ. ಮಕ್ಕಳನ್ನು ಅಂಚಿಗೆ ನಿಲ್ಲಿಸಿ "ಇನ್ನೊಂದು ಹೆಜ್ಜೆ ಹಿಂದೆ" ಎನ್ನಬೇಡಿ. ಬೇಕಾದರೆ ನೀವೇ ಮುಂದೆ ಬನ್ನಿ.

ಹಿರಿಯರು ಊರಿಗೆ ಹೊರಡುವ ವಾರಕ್ಕೆ ಮೊದಲೇ ಒಳ್ಳೆಯ ಒಂದನ್ನು ಆರಿಸಿ ಪ್ರಿಂಟ್ ಹಾಕಿಸಿ. ಹಿಂಬದಿಯಲ್ಲಿ ಜಾಗದ ಹೆಸರು, ತಾರೀಖು, ಜೊತೆಯಲ್ಲಿದ್ದವರ ಹೆಸರುಗಳನ್ನು ಕನ್ನಡದಲ್ಲಿ ಮಕ್ಕಳ ಕೈಯಿಂದಲೇ ಬರೆಸಿ, ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಮಡಚದಂತೆ ಇಟ್ಟು ಕಳಿಸಿ.