ಊಟದ ಹೊತ್ತಿಗೆ ಪುಸ್ತಕ ಮುಚ್ಚಿಸು

ಮಗಳೇ,

ನಿನ್ನ ಮೆಸೇಜನ್ನು ಎರಡು ಸಲ ಓದಿದೆ. ಫೋನಿನಲ್ಲಿ ನಾಲ್ಕು ಮಾತಾಡಿ ಮುಗಿಸುವ ವಿಷಯವಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆ ಸಂಕಟಪಡುವ ತಾಯಂದಿರು ಬೀದಿಗೆ ಹತ್ತು ಮಂದಿ ಇದ್ದಾರೆ. ಅವರೂ ಓದಲಿ ಎಂದು ಇದನ್ನು ಪತ್ರಿಕೆಗೂ ಕೊಡುತ್ತಿದ್ದೇನೆ. ನಿನ್ನ ಹೆಸರು, ಊರು ಹಾಕಿಲ್ಲ.

ಮೂರನೇ ಕ್ಲಾಸಿನ ಹುಡುಗ ರಾತ್ರಿ ಹತ್ತರವರೆಗೆ ಬರೆಯುತ್ತಾನೆ, ಅರ್ಧಕ್ಕೇ ತೂಕಡಿಸಿ ಪುಸ್ತಕದ ಮೇಲೆ ತಲೆಯಿಡುತ್ತಾನೆ, ಉಳಿದದ್ದನ್ನು ಅವನ ಅಕ್ಷರದ ಹಾಗೆ ಕಾಣಲಿ ಎಂದು ನಾನು ಎಡಗೈಯಲ್ಲಿ ಬರೆದು ಮುಗಿಸುತ್ತೇನೆ ಎಂದಿದ್ದೀಯ. ಹೋಮ್‌ವರ್ಕ್ ಮುಗಿಸದೆ ಮಲಗಿಸಿದರೆ ತಪ್ಪಾಗುತ್ತದೆಯೇ ದೊಡ್ಡಮ್ಮ ಎಂದು ಕೇಳಿದ್ದೀಯ. ತಪ್ಪಾಗುವುದಿಲ್ಲ. ಮಲಗಿಸು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಕಡಿಮೆಯೆಂದರೂ ಒಂಬತ್ತು ಗಂಟೆ ನಿದ್ದೆ ಬೇಕು ಎನ್ನುತ್ತಾರೆ ವೈದ್ಯರು. ಏಳೂವರೆಗೆ ವ್ಯಾನ್ ಬರುತ್ತದೆ, ಆರೂವರೆಗೆ ಏಳಬೇಕು ಎಂದರೆ ಒಂಬತ್ತೂವರೆಯೊಳಗೆ ಅವನ ಕಣ್ಣು ಮುಚ್ಚಿರಬೇಕು. ಈ ಲೆಕ್ಕ ಮೊದಲು, ಗಣಿತದ ಲೆಕ್ಕ ಆಮೇಲೆ.

ದೊಡ್ಡಮ್ಮ ಮಮತೆಗೆ ಹೇಳುತ್ತಾಳೆ ಎಂದುಕೊಳ್ಳಬೇಡ. ಸರ್ಕಾರವೇ ಹೇಳಿರುವ ಮಾತಿದು. ಕೇಂದ್ರ ಶಿಕ್ಷಣ ಸಚಿವಾಲಯ 2020ರಲ್ಲಿ ಹೊರಡಿಸಿದ ಶಾಲಾ ಬ್ಯಾಗ್ ನೀತಿಯ ಪ್ರಕಾರ ಒಂದು, ಎರಡನೇ ತರಗತಿಗೆ ಹೋಮ್‌ವರ್ಕೇ ಕೊಡಬಾರದು. ಮೂರರಿಂದ ಐದನೇ ತರಗತಿಗೆ ಹೆಚ್ಚೆಂದರೆ ಎರಡು ಗಂಟೆ. ದಿನಕ್ಕಲ್ಲ, ವಾರಕ್ಕೆ. ನಿನ್ನ ಮಗನಿಗೆ ಒಂದೇ ರಾತ್ರಿಯಲ್ಲಿ ಮುಗಿಯುತ್ತಿರುವುದು ಒಂದು ವಾರದ ಪಾಲು. ಆ ವಯಸ್ಸಿನ ಮಕ್ಕಳಿಂದ ಸಂಜೆ ಏನು ಮಾಡಿದೆ, ಮನೆಯಲ್ಲಿ ಯಾರು ಯಾವ ಕಥೆ ಹೇಳಿದರು, ಊಟಕ್ಕೆ ಏನಿತ್ತು ಎಂಬಂಥದ್ದನ್ನು ತರಗತಿಯಲ್ಲಿ ಹೇಳಿಸಿ ಎಂದು ಆ ನೀತಿಯೇ ಸೂಚಿಸುತ್ತದೆ. ಚೀಲದ ತೂಕಕ್ಕೂ ನಮ್ಮ ರಾಜ್ಯದಲ್ಲಿ 2019ರಿಂದ ಆದೇಶವಿದೆ: ಮೂರರಿಂದ ಐದನೇ ತರಗತಿಯವರಿಗೆ ಎರಡರಿಂದ ಮೂರು ಕೆ.ಜಿ. ಅಡುಗೆಮನೆಯಲ್ಲಿ ತೂಕದ ಯಂತ್ರವಿದ್ದರೆ ಒಮ್ಮೆ ಇಟ್ಟು ನೋಡು.

ಇದು ನಿನ್ನೆ ಮೊನ್ನೆಯ ಮಾತೂ ಅಲ್ಲ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮನಿರ್ದೇಶನಗೊಂಡವರು. ಅಲ್ಲಿ 1989ರಲ್ಲಿ ಅವರು ಮಾಡಿದ ಮೊದಲ ಭಾಷಣಕ್ಕೆ ಆರಿಸಿಕೊಂಡದ್ದು ಸಾಹಿತ್ಯವನ್ನಲ್ಲ, ಶಾಲಾ ಮಕ್ಕಳ ಬೆನ್ನ ಮೇಲಿನ ಚೀಲವನ್ನು. ಬೆಳಿಗ್ಗೆ ಎದ್ದದ್ದರಿಂದ ರಾತ್ರಿಯವರೆಗೆ ಮಗುವಿಗೆ ತನ್ನದೆನ್ನುವ ಹೊತ್ತೇ ಉಳಿದಿಲ್ಲ ಎಂದು ಅವರು ಸದನದ ಮುಂದೆ ಹೇಳಿದರು. ಅದರ ಜಾಡಿನಲ್ಲೇ ಕೇಂದ್ರ ಸರ್ಕಾರ ಭೌತವಿಜ್ಞಾನಿ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1993ರಲ್ಲಿ ಬಂದ ಆ ಸಮಿತಿಯ ವರದಿ ಪ್ರಾಥಮಿಕ ತರಗತಿಗಳಿಗೆ ಹೋಮ್‌ವರ್ಕ್ ಬೇಡ, ಮನೆಯ ಸುತ್ತಮುತ್ತ ಹುಡುಕಿ ನೋಡುವಂಥ ಕೆಲಸವಿದ್ದರೆ ಸಾಕು ಎಂದಿತು. ಚೀಲದ ಭಾರಕ್ಕಿಂತ ದೊಡ್ಡ ಭಾರ ಅರ್ಥವಾಗದೆ ಹೊರುವ ಪಾಠದ ಭಾರ ಎಂದೂ ಹೇಳಿತು. ಟೀಚರಾಗಿದ್ದ ನನಗೆ ಆ ವರದಿಯಲ್ಲಿ ಎಲ್ಲಕ್ಕಿಂತ ನಿಜ ಅನ್ನಿಸುವುದು ಈ ಕೊನೆಯ ಮಾತು. ಮೂವತ್ತು ವರ್ಷ ದಾಟಿತು. ಮಕ್ಕಳು ಇನ್ನೂ ಬರೆಯುತ್ತಲೇ ಇದ್ದಾರೆ.

ಈಗ ನಿನ್ನ ಎಡಗೈ ಬರಹಕ್ಕೆ ಬರುತ್ತೇನೆ. ಅದನ್ನು ಇವತ್ತೇ ನಿಲ್ಲಿಸು. ಸುಳ್ಳು ಎಂಬ ಕಾರಣ ಒಂದು ಕಡೆ ಇರಲಿ, ನನಗೆ ಅದಕ್ಕಿಂತ ದೊಡ್ಡ ಕಾರಣವಿದೆ. ಮಕ್ಕಳ ಲೆಕ್ಕದ ಪುಸ್ತಕ ತಿದ್ದಿದವರಿಗೆ ಗೊತ್ತು, ಸರಿ ಉತ್ತರ ಟೀಚರಿಗೆ ಏನೂ ಹೇಳುವುದಿಲ್ಲ. ಹೇಳುವುದು ತಪ್ಪು ಉತ್ತರ. 52ರಲ್ಲಿ 27 ಕಳೆ ಎಂದರೆ 35 ಎಂದು ಬರೆಯುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ದಡ್ಡತನದಿಂದ ಬಂದ ತಪ್ಪಲ್ಲ ಅದು. ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲಿ ಎರಡನ್ನು ಕಳೆದೆ, ಐದು ಬಂತು. ಐದರಲ್ಲಿ ಎರಡು ಹೋದರೆ ಮೂರು. ಮಗು ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ. ಹತ್ತರ ಮನೆಯಿಂದ ಒಂದು ಹತ್ತನ್ನು ಬಿಡಿಸಿ ತರುವುದು ಅದಕ್ಕೆ ಇನ್ನೂ ಕೂತಿಲ್ಲ, ಅಷ್ಟೇ. ಕಡ್ಡಿ ಕಟ್ಟು ಕೊಟ್ಟು, ಒಂದು ಕಟ್ಟನ್ನು ಅದರ ಕೈಯಿಂದಲೇ ಬಿಚ್ಚಿಸಿದರೆ ಅರ್ಧ ಗಂಟೆಯಲ್ಲಿ ಕೂರುತ್ತದೆ. ಆದರೆ ರಾತ್ರಿ ತಾಯಿ ರಬ್ಬರಿನಲ್ಲಿ 35 ಅಳಿಸಿ 25 ಬರೆಸಿ ಕಳಿಸಿದರೆ ಟೀಚರ್ ಅದಕ್ಕೊಂದು ರೈಟ್ ಹಾಕಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಕಡ್ಡಿ ಕಟ್ಟು ಬೀರುವಿನಲ್ಲೇ ಉಳಿಯುತ್ತದೆ. ಮಾರ್ಚಿನಲ್ಲಿ ಭಾಗಾಕಾರ ಬಂದಾಗ ಆ ಮಗು ಒಂದೇ ಸಲಕ್ಕೆ ಕುಸಿದು ಕೂರುತ್ತದೆ, ಯಾಕೆಂದು ಟೀಚರಿಗೂ ತಿಳಿಯುವುದಿಲ್ಲ, ತಾಯಿಗೂ ತಿಳಿಯುವುದಿಲ್ಲ.

ಅದಕ್ಕೇ ಹೇಳುತ್ತೇನೆ ಮಗಳೇ, ತಪ್ಪು ತಪ್ಪಾಗಿಯೇ ಹೋಗಲಿ. ಅರ್ಧವಾದದ್ದು ಅರ್ಧವಾಗಿಯೇ ಹೋಗಲಿ. ಡೈರಿಯಲ್ಲಿ ಒಂದು ಸಾಲು ಬರೆದು ಸಹಿ ಹಾಕು: 'ಅರ್ಧ ಗಂಟೆ ತಾನೇ ಕೂತು ಮಾಡಿದ್ದಾನೆ. ಇಷ್ಟು ಆಯಿತು. ಕಳೆಯುವ ಲೆಕ್ಕ ಅರ್ಥವಾದಂತಿಲ್ಲ, ದಯವಿಟ್ಟು ನೋಡಿ.' ಒಳ್ಳೆಯ ಟೀಚರಿಗೆ ಹತ್ತು ಪುಟದ ದುಂಡು ಅಕ್ಷರಕ್ಕಿಂತ ಈ ಒಂದು ಸಾಲಿನಿಂದ ಉಪಕಾರವಾಗುತ್ತದೆ.

ಸಂಜೆ ಶಾಲೆಯಿಂದ ಬಂದ ಕೂಡಲೇ ಬ್ಯಾಗ್ ಬಿಚ್ಚಿಸಬೇಡ. ಏನಾದರೂ ತಿನ್ನಲಿ, ಕೆಳಗೆ ಹೋಗಿ ಕತ್ತಲಾಗುವವರೆಗೆ ಆಡಲಿ. ಬೆವರಿ, ಕೈಕಾಲು ತೊಳೆದು ಬಂದ ಮಗು ಇಪ್ಪತ್ತು ನಿಮಿಷದಲ್ಲಿ ಮಾಡುವುದನ್ನು, ಆಟ ತಪ್ಪಿಸಿಕೊಂಡು ಕೂತ ಮಗು ಎರಡು ಗಂಟೆ ಎಳೆಯುತ್ತದೆ. ಇದನ್ನು ನೀನೇ ಪರೀಕ್ಷಿಸಿ ನೋಡಬಹುದು. ಟಿ.ವಿ. ಆಫ್ ಮಾಡಿ, ಫೋನು ಒಳಗಿಟ್ಟು, ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕೂರಿಸು. ಅವನ ಪಕ್ಕದಲ್ಲಿ ಕೂತು ಪ್ರತಿ ಸಾಲಿಗೂ ಬೆರಳಿಡಬೇಡ. ನೀನು ಅಲ್ಲೇ ಹುರುಳಿಕಾಯಿ ಸೋಸುತ್ತಾ ಇರು. ಕೇಳಿದರೆ ಹೇಳು, ಕೇಳದಿದ್ದರೆ ಸುಮ್ಮನಿರು. ಅರ್ಧ ಗಂಟೆ ಆಯಿತೋ, ಪುಸ್ತಕ ಮುಚ್ಚು. ಕುಕ್ಕರ್ ಕೂಗಿದ ಮೇಲೆ, ತಟ್ಟೆ ಹಾಕಿದ ಮೇಲೆ ಯಾವ ಕಾರಣಕ್ಕೂ ಪುಸ್ತಕ ತೆರೆಸಬೇಡ. ಊಟದ ಹೊತ್ತಿನಲ್ಲಿ ಬೈಗುಳ ತಿಂದ ಮಗುವಿಗೆ ಅನ್ನವೂ ಸೇರುವುದಿಲ್ಲ, ಅಕ್ಷರವೂ ಸೇರುವುದಿಲ್ಲ.

ಇದರಿಂದ ಓದಿನಲ್ಲಿ ಹಿಂದೆ ಬೀಳುತ್ತಾನೆಯೇ ಎಂಬ ನಿನ್ನ ಭಯ ನನಗೆ ಅರ್ಥವಾಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಹೋಮ್‌ವರ್ಕ್ ಕುರಿತ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ ನೋಡಿ 2006ರಲ್ಲಿ ಪ್ರಕಟಿಸಿದರು. ಹೈಸ್ಕೂಲಿನ ಮಕ್ಕಳಲ್ಲಿ ಹೋಮ್‌ವರ್ಕಿಗೂ ಕಲಿಕೆಗೂ ನಂಟು ಕಂಡಿತು. ಚಿಕ್ಕ ತರಗತಿಗಳಲ್ಲಿ ಆ ನಂಟು ಇಲ್ಲವೆನ್ನುವಷ್ಟು ಕಡಿಮೆ. ನಮ್ಮದೇ ಉದಾಹರಣೆ ಬೇಕೆಂದರೆ ನಲಿ-ಕಲಿ ಇದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ಶುರುಮಾಡಿದ ಪದ್ಧತಿ ಅದು. ಮಕ್ಕಳು ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಒಂದೊಂದೇ ಮೆಟ್ಟಿಲು ಏರುತ್ತಾರೆ. ಕಲಿಯುವ ಕೆಲಸ ತರಗತಿಯಲ್ಲೇ ನಡೆಯಬೇಕು ಎಂಬ ನಂಬಿಕೆ ಅದರ ಬುಡದಲ್ಲಿದೆ. ಮುಂದೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೂ ಅದು ಬಂತು. ಬಡವರ ಮಕ್ಕಳ ಶಾಲೆಯಲ್ಲಿ ಹುಟ್ಟಿದ್ದು ಎಂಬ ಕಾರಣಕ್ಕೋ ಏನೋ, ದುಡ್ಡು ಕೊಟ್ಟು ಕಳಿಸುವ ಶಾಲೆಗಳು ಅದರತ್ತ ತಿರುಗಿಯೂ ನೋಡಲಿಲ್ಲ ಎಂಬುದು ನನ್ನ ಕೊರಗು.

ಪ್ರಾಜೆಕ್ಟ್ ವಿಷಯ ಬರೆದಿದ್ದೆಯಲ್ಲ, ರಾತ್ರಿ ಸ್ಟೇಷನರಿ ಅಂಗಡಿ ಬಾಗಿಲು ಬಡಿದು ಥರ್ಮಾಕೋಲ್ ತಂದ ಕಥೆ. ಅವನಿಂದಾಗುವಷ್ಟನ್ನು ಅವನೇ ಮಾಡಲಿ, ಓರೆಕೋರೆಯಾಗಿಯೇ ಹೋಗಲಿ. ಹೆಚ್ಚಿಗೆ ಹೇಳುವುದಿಲ್ಲ.

ಇಂಗ್ಲಿಷಿನ ಭಯದ ಬಗ್ಗೆ ಮಾತ್ರ ಹೇಳಲೇಬೇಕು. ನೀನು ಓದಿದ್ದು ಕನ್ನಡ ಮಾಧ್ಯಮ, ಮಗನ ಪುಸ್ತಕವೆಲ್ಲ ಇಂಗ್ಲಿಷ್. ನನಗೇ ಬಾರದ್ದನ್ನು ಹೇಗೆ ಹೇಳಿಕೊಡಲಿ, ಟ್ಯೂಷನ್‌ಗೆ ಹಾಕಲೇ ಎಂದು ಕೇಳಿದ್ದೀಯ. ಇಡೀ ದಿನ ಶಾಲೆಯಲ್ಲಿ ಕೂತು ಬಂದ ಎಂಟು ವರ್ಷದ ಮಗುವನ್ನು ಮತ್ತೆ ಒಂದೂವರೆ ಗಂಟೆ ಇನ್ನೊಬ್ಬರ ಮನೆಯಲ್ಲಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಪಾಠದಲ್ಲಿ ಮಳೆ ಹೇಗೆ ಬರುತ್ತದೆ ಎಂದಿದ್ದರೆ ನೀನು ಕನ್ನಡದಲ್ಲಿ ಮಾತಾಡು. ಹಾಲು ಕಾಯಿಸುವಾಗ ಮುಚ್ಚಳದ ಒಳಗೆ ಕೂತ ಹನಿ ತೋರಿಸು. ವಿಷಯ ತಲೆಗೆ ಹೋದರೆ ಅದಕ್ಕೆ ಇಂಗ್ಲಿಷಿನ ನಾಲ್ಕು ಪದ ಕಲಿಯುವುದು ದೊಡ್ಡ ಕೆಲಸವಲ್ಲ, ಅದು ಟೀಚರ್ ಕೆಲಸ. ವಿಷಯವೇ ಹೋಗದೆ ಪದಗಳಷ್ಟೇ ಬಾಯಿಪಾಠವಾದರೆ ಯಶಪಾಲರು ಹೇಳಿದ ಭಾರ ಅದೇ. ಐದನೇ ತರಗತಿಯವರೆಗಾದರೂ ಸಾಧ್ಯವಾದ ಕಡೆಯಲ್ಲೆಲ್ಲ ಮನೆಮಾತಿನಲ್ಲೇ ಕಲಿಸಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಆದ್ದರಿಂದ ನಿನ್ನ ಕನ್ನಡ ಅವನಿಗೆ ಅಡ್ಡಿ ಎಂದು ಕುಗ್ಗಬೇಡ. ರಾತ್ರಿ ಮಲಗುವ ಮುಂಚೆ ಒಂದು ಕಥೆ ಓದಿ ಹೇಳು. ಅದರ ಕೊನೆಗೆ ಪ್ರಶ್ನೆ ಕೇಳಬೇಡ.

ಅವನ ಅಪ್ಪ ಎಲ್ಲಿ? ನಿನ್ನ ಇಷ್ಟುದ್ದದ ಮೆಸೇಜಿನಲ್ಲಿ ಅವರ ಹೆಸರು ಬಂದದ್ದು ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಾಗ ಮಾತ್ರ. ವಾರಕ್ಕೆ ಎರಡು ಸಂಜೆಯಾದರೂ ಅವರು ಕೂರಲಿ. ನಾನು ಹೇಳಿದೆ ಎಂದು ಹೇಳು.

ಇನ್ನು ಅಂಕದ, ಪರೀಕ್ಷೆಯ ಮಾತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೆಯವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ. ಆದರೂ ನಮ್ಮ ರಾಜ್ಯದಲ್ಲಿ ಐದನೇ ತರಗತಿಯ ಮಕ್ಕಳಿಗೆ ಬೋರ್ಡ್ ಮಾದರಿ ಪರೀಕ್ಷೆ ಮಾಡಹೊರಟು, ವಿಷಯ ಹೈಕೋರ್ಟ್ ಹತ್ತಿ, ಕೊನೆಗೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಪರೀಕ್ಷೆ ಇದೆಯೋ ಇಲ್ಲವೋ ಎಂದು ಹತ್ತು ವರ್ಷದ ಮಕ್ಕಳು ತಿಂಗಳುಗಟ್ಟಲೆ ಕಾದರು. ದೊಡ್ಡವರು ಮಾಡಿದ ಗೊಂದಲಕ್ಕೆ ಮಕ್ಕಳು ನಿದ್ದೆ ಕಳೆದುಕೊಂಡದ್ದನ್ನು ನಾನು ಮರೆಯಲಾರೆ. ನಿನ್ನ ಕೈಲಿ ಕೋರ್ಟ್ ಇಲ್ಲ, ಆದರೆ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪು ಇದೆ. ಯಾರ ಮಗು ಎಷ್ಟು ತೆಗೆದಿದೆ ಎಂಬ ಮಾತು ಅಲ್ಲಿ ಬಂದಾಗ ನೀನು ಸೇರಬೇಡ. ಮಗನ ಎದುರಿಗೆ ಪಕ್ಕದ ಮನೆ ಹುಡುಗಿಯ ಹೆಸರು ಎತ್ತಬೇಡ.

ಇದೆಲ್ಲ ಮಾಡಿಯೂ ಅವನು ಬೋರ್ಡಿನ ಮೇಲಿನದ್ದನ್ನು ತಪ್ಪಾಗಿ ಇಳಿಸಿಕೊಂಡರೆ, ಓದುವಾಗ ಸಾಲು ತಪ್ಪಿಸಿದರೆ, ಬಾಯಲ್ಲಿ ಚೆನ್ನಾಗಿ ಹೇಳಿ ಬರೆಯುವಾಗ ಮಾತ್ರ ತಡವರಿಸಿದರೆ, ಸೋಮಾರಿ ಎಂದು ಹೊಡೆಯಬೇಡ. ಮೊದಲು ಕಣ್ಣು, ಕಿವಿ ತೋರಿಸು. ಅವು ಸರಿಯಿದ್ದರೆ ಕಲಿಕೆಯ ತೊಂದರೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಅದನ್ನು ಪರೀಕ್ಷಿಸಿ ದಾರಿ ಹೇಳುತ್ತಾರೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಯಿಲ್ಲ.

ಟೀಚರ್ ಮೇಲೆ ಸಿಟ್ಟಾಗಬೇಡ. ಒಂದು ಕೋಣೆಯಲ್ಲಿ ನಲವತ್ತು ಮಕ್ಕಳು, ಮುಗಿಸಲೇಬೇಕಾದ ಪೋರ್ಷನ್, ಮೇಲೆ ಆಡಳಿತ ಮಂಡಳಿ. ಇನ್ನೊಂದು ಸತ್ಯವನ್ನೂ ಹೇಳಬೇಕು. ಹೋಮ್‌ವರ್ಕ್ ಕೊಡಲಿಲ್ಲವೆಂದರೆ ಮಾರನೇ ದಿನವೇ ಗೇಟಿನ ಹತ್ತಿರ ಬಂದು, ಮಿಸ್ ಏನೂ ಕೊಟ್ಟೇ ಇಲ್ಲ, ಮಗು ಮನೆಯಲ್ಲಿ ಬರೀ ಆಡುತ್ತೆ ಎನ್ನುವವರು ತಂದೆತಾಯಿಗಳೇ. ಹೆಚ್ಚು ಬರೆಸುವ ಶಾಲೆ ಒಳ್ಳೆಯ ಶಾಲೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವವರೂ ಅವರೇ. ಕೇಳಿದವರಿಗೆ ಶಾಲೆ ಕೊಡುತ್ತದೆ. ಬೇಡವೆನ್ನುವವರು ಮನೆಯೊಳಗೇ ಅಳುತ್ತಾ ಕೂತರೆ ಶಾಲೆಗೆ ಹೇಗೆ ಗೊತ್ತಾಗಬೇಕು?

ಬರುವ ಪೋಷಕರ ಸಭೆಗೆ ನೀವಿಬ್ಬರೂ ಹೋಗಿ. ನಿನ್ನ ಹಾಗೇ ಒದ್ದಾಡುತ್ತಿರುವ ಇನ್ನು ನಾಲ್ಕು ತಾಯಂದಿರನ್ನು ಜೊತೆಗೆ ಕರೆದುಕೊ. ಶಾಲಾ ಬ್ಯಾಗ್ ನೀತಿಯ ಆ ಒಂದು ಪುಟದ ಪ್ರಿಂಟ್ ತೆಗೆಸಿ ಕೈಯಲ್ಲಿಟ್ಟುಕೊ. ಜಗಳ ಬೇಡ, ದೂರು ಬೇಡ. ವಾರಕ್ಕೆ ಎರಡು ಗಂಟೆ ಎಂದು ಇದರಲ್ಲಿದೆ, ಅಷ್ಟಕ್ಕೇ ನಿಲ್ಲಿಸಿಕೊಡಿ ಎಂದು ಗೌರವದಿಂದ ಕೇಳಿ. ಸಭೆಯಲ್ಲಿ ಏನಾಯಿತೆಂದು ನನಗೆ ಬರೆ. ಪುಟ್ಟನಿಗೆ ಮುತ್ತು.

ಇಂತಿ ನಿನ್ನ,
ದೊಡ್ಡಮ್ಮ