ಗಡಿಯಾರ ನಿನ್ನದು, ನಿದ್ದೆ ಅವನದು

ಗುಬ್ಬಿ
ಮೇ ಎರಡನೇ ವಾರ



ನೀನು ವಾಟ್ಸಾಪಿನಲ್ಲಿ ಕಳಿಸಿದ ಪ್ಲೇ ಸ್ಕೂಲುಗಳ ಮೂರೂ ಕರಪತ್ರಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಒಂದು ಕಡೆ ಒಂಬತ್ತೂವರೆಯಿಂದ ಹನ್ನೆರಡು. ತುಮಕೂರಿನ ಬಟವಾಡಿ ಕಡೆಯದ್ದು ಒಂಬತ್ತರಿಂದ ಒಂದೂವರೆ, ವ್ಯಾನ್ ಉಂಟು. ಮೂರನೆಯದು ನಿಮ್ಮ ಮನೆ ಹಿಂದಿನ ರಸ್ತೆಯ ಡೇ ಕೇರ್, ಬೆಳಗ್ಗೆ ಎಂಟೂವರೆಯಿಂದ ಸಂಜೆ ಆರು. ಕೆಳಗೆ ನಿನ್ನ ಪ್ರಶ್ನೆ: ಎರಡು ವರ್ಷ ನಾಲ್ಕು ತಿಂಗಳ ಮಗುವಿಗೆ ಎಷ್ಟು ಗಂಟೆ ಸರಿ ದೊಡ್ಡಮ್ಮ? ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೂಂ ಹೂಂ ಅನ್ನುತ್ತಾ ಪಾತ್ರೆ ತೊಳೆಯುತ್ತಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಕೂತು ಓದು.

ನಿನ್ನ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ ಕಣಮ್ಮ. ಮಗುವಿಗೆ ಎಷ್ಟು ಹೊತ್ತು ಕಲಿಕೆ ಬೇಕು ಅನ್ನುವುದು ಒಂದು. ನೀವಿಬ್ಬರೂ ದುಡಿಯುವಾಗ ಅವನನ್ನು ನೋಡಿಕೊಳ್ಳುವವರು ಎಷ್ಟು ಹೊತ್ತು ಬೇಕು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಮಗುವಿನ ಹತ್ತಿರ ಇದೆ, ಎರಡನೆಯದಕ್ಕೆ ನಿನ್ನ ಕಂಪನಿಯ ಬಸ್ಸಿನ ಹತ್ತಿರ. ಈ ಕರಪತ್ರದವರು ಎರಡನ್ನೂ ಕಲಸಿ ಒಂದೇ ಫೀಸು ಹೇಳಿದ್ದಾರೆ. ನೀನೂ ಕಲಸಿಕೊಂಡು ರಾತ್ರಿಯೆಲ್ಲ ಹೊರಳಾಡುತ್ತಿದ್ದೀಯ.

ಕಲಿಕೆಯ ವಿಷಯ ಮೊದಲು ಮುಗಿಸುತ್ತೇನೆ, ಅದು ಸುಲಭ. ಅವನ ವಯಸ್ಸಿಗೆ ಎರಡು ಗಂಟೆ ಸಾಕು, ಹೆಚ್ಚೆಂದರೆ ಎರಡೂವರೆ. ನಿತ್ತೂರು, ಚೇಳೂರು, ಕಡಬ ಅಂತ ಅಂಗನವಾಡಿಗಳನ್ನು ಸುತ್ತಿದ ಮೇಲ್ವಿಚಾರಕಿ ನಾನು. ನಮ್ಮ ಕೇಂದ್ರಗಳು ಬೆಳಗ್ಗೆ ಒಂಬತ್ತೂವರೆಯಿಂದ ನಾಲ್ಕರವರೆಗೆ ತೆರೆದಿರುತ್ತವೆ. ಹೊರಗಿನವರು ಅಷ್ಟೂ ಹೊತ್ತು ಪಾಠ ಅಂದುಕೊಳ್ಳುತ್ತಾರೆ. ಒಳಗೆ ಬಂದು ನೋಡಿದವರಿಗೆ ಗೊತ್ತು: ‘ಚಿಲಿಪಿಲಿ’ ಪಠ್ಯದ ಹಾಡು, ಕಥೆ, ಬಣ್ಣದ ಬಿಲ್ಲೆ ಎಲ್ಲ ಬೆಳಗ್ಗೆಯೇ ಮುಗಿಯುತ್ತವೆ. ಅಂಗಳದಲ್ಲಿ ಕುಣಿದು, ಊಟ ಮಾಡಿ, ಕೈತೊಳೆದರೆ ಚಾಪೆ ಹಾಸುವ ಹೊತ್ತು. ಊಟವಾದ ಮೇಲೆ ಅಕ್ಷರ ತಿದ್ದಿಸಲು ಹೋದ ಕಾರ್ಯಕರ್ತೆಯನ್ನು ಮಕ್ಕಳೇ ಸೋಲಿಸುತ್ತಾರೆ, ಕೂತಲ್ಲೇ ತೂಕಡಿಸಿ ಬೀಳುತ್ತಾರೆ. ಅದೂ ಮೂರು ತುಂಬಿದ ಮಕ್ಕಳು! ಮೂರರ ಒಳಗಿನವರನ್ನು ನಾವು ಕೇಂದ್ರದಲ್ಲಿ ಕೂರಿಸಿಕೊಳ್ಳುವುದೇ ಇಲ್ಲ, ಆಹಾರವನ್ನು ಮನೆಗೇ ಕೊಟ್ಟು ಕಳಿಸುತ್ತೇವೆ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ನಮ್ಮ ರಾಜ್ಯದ ಮೊದಲ ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತಲ್ಲ, ಆಗಿನಿಂದಲೂ ಶಾಲಾಪೂರ್ವ ಶಿಕ್ಷಣ ಮೂರರಿಂದ ಆರು ವರ್ಷದವರಿಗೇ.

ಖಾಸಗಿ ಪ್ಲೇ ಸ್ಕೂಲುಗಳಿಗೂ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಮಾರ್ಗಸೂಚಿ ಇದೆ. ಮೂರು ವರ್ಷ ತುಂಬದ ಮಗುವನ್ನು ಸೇರಿಸಿಕೊಳ್ಳಬಾರದು, ದಿನಕ್ಕೆ ಮೂರರಿಂದ ನಾಲ್ಕು ಗಂಟೆಗಿಂತ ಹೆಚ್ಚು ನಡೆಸಬಾರದು ಎಂದು. ಬಟವಾಡಿಯವರ ನಾಲ್ಕೂವರೆ ಗಂಟೆ ಮೂರು ತುಂಬಿದ ಮಗುವಿಗೇ ಹೆಚ್ಚು. ಇವರು ‘ಪ್ರಿ ನರ್ಸರಿ’ ಎಂದು ಹೆಸರಿಟ್ಟು ಎರಡು ತುಂಬಿದವನಿಗೂ ಅದನ್ನೇ ಮಾರುತ್ತಿದ್ದಾರೆ.

ಆ ಕರಪತ್ರದ ಮೇಲೆ ದಪ್ಪಕ್ಷರದಲ್ಲಿ ಮಾಂಟೆಸ್ಸರಿ ಎಂದಿದೆಯಲ್ಲ, ಅದಕ್ಕೊಂದು ಮಾತು. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದರು. ತಂದೆ ತಾಯಿ ಕೂಲಿಗೆ ಹೋದರೆ ಮಕ್ಕಳು ಮೆಟ್ಟಿಲ ಮೇಲೆ ಬಿದ್ದಿರುತ್ತಿದ್ದ ವಠಾರ ಅದು. ಆಕೆ ತಮ್ಮ ಪುಸ್ತಕದಲ್ಲಿ ಚಳಿಗಾಲಕ್ಕೆಂದು ಕೊಟ್ಟಿರುವ ವೇಳಾಪಟ್ಟಿ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕು. ಉದ್ದವೇ. ಆದರೆ ಆ ಏಳು ಗಂಟೆಯಲ್ಲಿ ಬುದ್ಧಿಗೆ ಸಂಬಂಧಿಸಿದ ಪಾಠಕ್ಕೆ ಇಟ್ಟದ್ದು ಹತ್ತರಿಂದ ಹನ್ನೊಂದು, ಒಂದೇ ಗಂಟೆ, ಅದರಲ್ಲೂ ನಡುನಡುವೆ ವಿರಾಮ. ಉಳಿದದ್ದೆಲ್ಲ ಮೈ ಶುಚಿ, ಊಟ, ಬಯಲಲ್ಲಿ ಆಟ, ಮಣ್ಣಿನ ಕೆಲಸ, ಗಿಡ ಪ್ರಾಣಿ ನೋಡುವುದು. ಆಯಮ್ಮ 1939ರಲ್ಲಿ ಮದ್ರಾಸಿಗೂ ಬಂದು ಅಡಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ತುಮಕೂರಿನ ಅರ್ಧ ಬೋರ್ಡುಗಳ ಮೇಲೆ ಅವರ ಹೆಸರಿದೆ, ವೇಳಾಪಟ್ಟಿ ಮಾತ್ರ ಯಾರಿಗೂ ಬೇಡವಾಗಿದೆ.

ಹೆಚ್ಚು ಹೊತ್ತು ಇದ್ದರೆ ಹೆಚ್ಚು ಕಲಿಯುತ್ತಾನೆ ಅನ್ನುವ ಆಸೆ ನಿನ್ನ ಗಂಡನಿಗಿದೆ, ನನಗೆ ಗೊತ್ತು. ಅವನಿಗೆ ಇದನ್ನು ಓದಿ ಹೇಳು. ಇಂಗ್ಲೆಂಡಿನಲ್ಲಿ 1997ರಿಂದ ಸುಮಾರು 3000 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಇಪಿಪಿಇ ಎಂಬ ದೊಡ್ಡ ಅಧ್ಯಯನವಿದೆ. ಒಳ್ಳೆಯ ನರ್ಸರಿಗೆ ಹೋದ ಮಕ್ಕಳಿಗೆ ಲಾಭವಾಯಿತು, ಹೆಚ್ಚು ತಿಂಗಳು ಹೋದವರಿಗೆ ಇನ್ನಷ್ಟು ಆಯಿತು. ಆದರೆ ದಿನವಿಡೀ ಇದ್ದವರಿಗೂ ಅರ್ಧ ದಿನ ಇದ್ದವರಿಗೂ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವಸರವಾದರೂ ಏನಿದೆ? ನಮ್ಮ ಸರ್ಕಾರದ ಲೆಕ್ಕದಲ್ಲಿ ಎಲ್‌ಕೆಜಿಗೆ ನಾಲ್ಕು, ಯುಕೆಜಿಗೆ ಐದು, ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025-26ರಲ್ಲಿ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರಲ್ಲ, ಅದು ಆ ಒಂದು ವರ್ಷದ ಮಟ್ಟಿಗೆ. ನಿನ್ನ ಮಗ ಎಲ್‌ಕೆಜಿ ಬಾಗಿಲು ಕಾಣಲು ಇನ್ನೂ ಎರಡು ಬೇಸಿಗೆ ಕಳೆಯಬೇಕು.

ಇನ್ನು ಎರಡನೆಯ ಪ್ರಶ್ನೆ. ಇದೇ ನಿಜವಾದದ್ದು.

ಅಳಿಯ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಬರುವುದು ರಾತ್ರಿ. ನೀನು ವಸಂತನರಸಾಪುರದ ಬಸ್ಸು ಹತ್ತಿದರೆ ಇಳಿಯುವುದು ಆರರ ಹತ್ತಿರ. ಎರಡೂವರೆ ಗಂಟೆಯ ನರ್ಸರಿ ಅವನಿಗೆ ಸಾಕು, ನಿನಗೆ ಸಾಲದು. ಹಾಗಾದರೆ ಮಿಕ್ಕ ಆರೇಳು ಗಂಟೆಯನ್ನು ‘ಸ್ಕೂಲು’ ಅನ್ನಬೇಡ. ನಾಚಿಕೆಯಿಲ್ಲದೆ ಆರೈಕೆ ಅನ್ನು. ಆಗ ನೀನು ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ. ಇಂಗ್ಲಿಷ್ ರೈಮ್ಸ್ ಎಷ್ಟು ಕಲಿಸುತ್ತೀರಿ ಎಂದು ಕೇಳುವುದಿಲ್ಲ. ಒಬ್ಬ ಆಯಾಗೆ ಎಷ್ಟು ಮಕ್ಕಳು, ಅವನು ಎಲ್ಲಿ ಮಲಗುತ್ತಾನೆ, ಯಾರ ತೊಡೆಯ ಮೇಲೆ ಊಟ, ಚಡ್ಡಿ ಒದ್ದೆಯಾದರೆ ಬದಲಾಯಿಸುವವರು ಯಾರು, ಜ್ವರ ಬಂದರೆ ಯಾರಿಗೆ ಫೋನು ಅಂತೆಲ್ಲ ಕೇಳುತ್ತೀಯ. ಕೇಂದ್ರ ಸರ್ಕಾರ 2013ರಲ್ಲಿ ಪುಟ್ಟ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆಂದೇ ನೀತಿ ತಂದಾಗ ಮೂರರ ಒಳಗಿನ ಹತ್ತು ಮಕ್ಕಳಿಗೆ ಒಬ್ಬರು ಎಂಬ ಅಳತೆ ಇಟ್ಟರು. ನನ್ನ ಕೇಳಿದರೆ ಹತ್ತೂ ಜಾಸ್ತಿಯೇ. ಎರಡು ವರ್ಷದ ಹತ್ತು ಮಕ್ಕಳನ್ನು ಒಬ್ಬಳೇ ಒಂದು ಮಧ್ಯಾಹ್ನ ಮಲಗಿಸಲಿ, ಆ ನೀತಿ ಬರೆದವರು ಬಂದು ನೋಡಲಿ.

ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗೆಂದು ನಮ್ಮ ರಾಜ್ಯದ 2023-24ರ ಬಜೆಟ್ಟಿನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿದರು. ಹಳ್ಳಿಯ ತಾಯಿ ತನ್ನ ಮಗುವನ್ನು ಅಲ್ಲಿ ಬಿಟ್ಟು ಬದು ಹಾಕಲು ಹೋಗುವಾಗ ಇಂದು ಏನು ಕಲಿಸಿದಿರಿ ಎಂದು ಯಾರನ್ನೂ ಕೇಳುವುದಿಲ್ಲ. ಉಂಡನಾ, ಮಲಗಿದನಾ ಅಂತ ಕೇಳುತ್ತಾಳೆ. ಅವಳ ಪ್ರಶ್ನೆ ಸರಿಯಾಗಿದೆ. ಓದಿದ ನಾವು ದಾರಿ ತಪ್ಪಿದ್ದೇವೆ.

ನಿದ್ದೆಯನ್ನು ಹಗುರಾಗಿ ತೆಗೆದುಕೊಳ್ಳಬೇಡ. ಅವನ ವಯಸ್ಸಿನ ಮಗುವಿಗೆ ಹಗಲುನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ರಾತ್ರಿ ಅಪ್ಪ ಬರುವ ತನಕ ನಿಮ್ಮವನು ಕಣ್ಣು ಮುಚ್ಚುವುದಿಲ್ಲ, ಬೆಳಗ್ಗೆ ನಿನ್ನ ಕುಕ್ಕರ್ ಕೂಗುವ ಹೊತ್ತಿಗೆ ಎದ್ದಿರುತ್ತಾನೆ. ಅಂದ ಮೇಲೆ ಮಧ್ಯಾಹ್ನದ ಎರಡು ಗಂಟೆ ಅವನಿಗೆ ಬೇಕೇ ಬೇಕು. ಬಟವಾಡಿಯ ವ್ಯಾನನ್ನು ನಾನು ಇಲ್ಲಿಗೇ ಹೊಡೆದು ಹಾಕುತ್ತೇನೆ. ಒಂದೂವರೆಗೆ ಬಿಟ್ಟು, ಬಿ.ಎಚ್. ರಸ್ತೆಯ ಸಂದಣಿಯಲ್ಲಿ ಬಡಾವಣೆ ಬಡಾವಣೆ ಸುತ್ತಿ ಮನೆ ಮುಟ್ಟುವಷ್ಟರಲ್ಲಿ ಎರಡೂಕಾಲು. ಸೀಟಿನಲ್ಲೇ ಕತ್ತು ವಾಲಿಸಿ ನಿದ್ದೆ ಹೋಗಿರುತ್ತಾನೆ, ಇಳಿಸುವಾಗ ಎಚ್ಚರವಾಗಿ ರಂಪ. ಆಮೇಲೆ ಅನ್ನವೂ ಬೇಡ, ನಿದ್ದೆಯೂ ಇಲ್ಲ. ಮನೆ ಬಾಗಿಲು ತೆಗೆಯಲು ಆಗ ಯಾರಿರುತ್ತಾರೆ ಅನ್ನುವುದಂತೂ ಕರಪತ್ರದಲ್ಲಿ ಇರುವುದಿಲ್ಲ.

ಇಡೀ ದಿನ ಬಿಟ್ಟರೆ ಮಗು ಕೆಡುತ್ತಾನಾ ಎಂದು ಕೇಳಿದ್ದೀಯ. ಅಮೆರಿಕದಲ್ಲಿ 1991ರಿಂದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸಿದ ಅಧ್ಯಯನವೊಂದು ಇದನ್ನೇ ಹುಡುಕಿತು. ತುಂಬಾ ಹೊತ್ತು ಹೊರಗೆ ಬೆಳೆದ ಮಕ್ಕಳಲ್ಲಿ ಹಟ, ಜಗಳ ಒಂದಿಷ್ಟು ಹೆಚ್ಚು ಕಂಡಿತು, ಅದೂ ಬಹುಪಾಲು ಸಾಮಾನ್ಯ ಮಿತಿಯೊಳಗೇ. ನೋಡಿಕೊಳ್ಳುವವರು ಚೆನ್ನಾಗಿ ಮಾತಾಡಿಸುವವರಾಗಿದ್ದರೆ ಭಾಷೆ ಚೆನ್ನಾಗಿ ಬೆಳೆಯಿತು. ಎಲ್ಲಕ್ಕಿಂತ ಹೆಚ್ಚು ತೂಗಿದ್ದು ಮನೆಯೇ. ಇದನ್ನು ಓದಿ ಎದೆ ಹೊಡೆದುಕೊಳ್ಳಬೇಡ, ಓದದವಳಂತೆಯೂ ಇರಬೇಡ. ವಾರದಲ್ಲಿ ಎಲ್ಲಿ ಒಂದು ಗಂಟೆ ಕಡಿಮೆ ಮಾಡಬಹುದು ನೋಡು. ಅಳಿಯ ಶನಿವಾರ ಮನೆಯಲ್ಲೇ ಇರುತ್ತಾನಲ್ಲ, ಅವತ್ತು ಮಗುವನ್ನು ಎಲ್ಲಿಗೂ ಕಳಿಸಬೇಡಿ. ಅವನಿಗೂ ಮಗನಿಗೆ ಊಟ ಮಾಡಿಸುವುದು ಬರಲಿ.

ಕುಣಿಗಲ್ಲಿನಲ್ಲಿ ನಿಮ್ಮತ್ತೆ ಸೋಮವಾರದಿಂದ ಶುಕ್ರವಾರ ನಾನೇ ಇಟ್ಟುಕೊಳ್ಳುತ್ತೇನೆ ಅಂದಿದ್ದಾರೆ ಎಂದು ಬರೆದಿದ್ದೀಯ. ಆಕೆಯ ಪ್ರೀತಿ ದೊಡ್ಡದು. ಆಕೆಯ ಕೈಯ ಮುದ್ದೆ, ಬಸ್ಸಾರು ತಿಂದು ಮಗು ಗುಂಡಗಾಗುತ್ತಾನೆ, ಅನುಮಾನವಿಲ್ಲ. ಆದರೂ ನಾನು ಬೇಡವೆಂದೇ ಹೇಳುತ್ತೇನೆ. ಹತ್ತು ಗಂಟೆ ನಿನ್ನನ್ನು ಬಿಟ್ಟಿದ್ದು ಪ್ರತಿ ರಾತ್ರಿ ನಿನ್ನ ಪಕ್ಕದಲ್ಲಿ ಮಲಗುವ ಮಗು ಬೇರೆ, ಐದು ರಾತ್ರಿ ನಿನ್ನನ್ನು ಕಾಣದ ಮಗು ಬೇರೆ. ಆಕೆಗೆ ಎರಡು ಸೀಮೆಹಸು, ಬೆಳಗ್ಗೆ ಸಂಜೆ ಡೇರಿಗೆ ಹಾಲು, ಜೊತೆಗೆ ಮಂಡಿನೋವು. ತುಂಬಿದ ಮನೆಯಲ್ಲಿ ನಾಲ್ಕು ಜನ ಎತ್ತಿಕೊಳ್ಳುತ್ತಿದ್ದ ಕಾಲ ಇದಲ್ಲ, ಈಗ ಅಲ್ಲೂ ಮಗುವನ್ನು ನೋಡಿಕೊಳ್ಳಲು ಆಕೆ ಒಬ್ಬರೇ. ಬೇಡ ಅಂತ ಒರಟಾಗಿ ಹೇಳಬೇಡ. ಡೇ ಕೇರ್ ಶುರುವಾಗುವ ಮೊದಲ ಎರಡು ವಾರ ನೀವೇ ಬಂದು ಇರಬೇಕು ಅತ್ತೆ, ನೀವಿಲ್ಲದೆ ಆಗುವುದಿಲ್ಲ ಎಂದು ಕರೆ. ಹೆಬ್ಬೂರು ದಾರಿಯ ಬಸ್ಸು ಹತ್ತಿ ಬಂದೇ ಬರುತ್ತಾರೆ. ಹಸುವಿಗೆ ಮಾವ ಇದ್ದಾರೆ.

ಆ ಎರಡು ವಾರ ಯಾಕೆ ಅಂದರೆ, ಮೊದಲ ದಿನವೇ ಎಂಟೂವರೆಗೆ ಬಿಟ್ಟು ಆರಕ್ಕೆ ಕರೆತರುವ ಕೆಲಸ ಮಾಡಬೇಡ. ಮೊದಲೆರಡು ದಿನ ನೀನೋ ಅತ್ತೆಯೋ ಒಳಗೇ ಕೂತು ಒಂದು ಗಂಟೆ. ಆಮೇಲೆ ಹೇಳಿ ಹೊರಟು, ಎರಡು ಗಂಟೆ. ಕದ್ದು ಜಾರಬೇಡ, ಅಳಲಿ, ಹೇಳಿಯೇ ಹೋಗು. ಅಲ್ಲಿನ ಆಯಾ ಕೈಯಲ್ಲಿ ತುತ್ತು ತಿನ್ನುವ ದಿನ ಊಟದವರೆಗೆ ಬಿಡು. ಅಲ್ಲಿ ನಿದ್ದೆ ಹೋದ ದಿನ ಇಡೀ ದಿನಕ್ಕೆ ತಯಾರಾದ ಎಂದು ತಿಳಿ. ಬೇರೆಯವರ ಕೈಯಲ್ಲಿ ಉಣ್ಣುವುದಕ್ಕಿಂತ ಬೇರೆಯವರ ಎದುರು ಕಣ್ಣು ಮುಚ್ಚುವುದು ಕಷ್ಟ, ಮಕ್ಕಳಿಗೂ ಅಷ್ಟೇ. ನಿಮ್ಮವನಿಗೆ ಎರಡು ವಾರದ ಬದಲು ಮೂರಾದರೆ ಆಗಲಿ. ಜೂನ್ ಒಂದರ ಗಲಾಟೆಗೆ ಸೇರಿಸಬೇಡ, ಎಲ್ಲ ಮಕ್ಕಳೂ ಒಟ್ಟಿಗೆ ಅಳುವ ಕೋಣೆಯಲ್ಲಿ ಯಾವ ಆಯಾಗೂ ಯಾರ ಮುಖವೂ ಕಾಣುವುದಿಲ್ಲ. ಜೂನ್ ಮೂರನೇ ವಾರಕ್ಕೆ ಹೋಗಲಿ.

ಇನ್ನೊಂದು. ನಿಮ್ಮ ಕಂಪನಿಯಲ್ಲಿ ಐವತ್ತಕ್ಕಿಂತ ಹೆಚ್ಚು ಜನ ಇದ್ದೀರಿ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾದಾಗಿನಿಂದ ಅಷ್ಟು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಇದೆಯಾ ಎಂದು ಯಾರಾದರೂ ಕೇಳಿದ್ದೀರಾ? ಒಬ್ಬಳೇ ಕೇಳಿದರೆ ಮುಖ ತಿರುಗಿಸುತ್ತಾರೆ. ಪುಟ್ಟ ಮಕ್ಕಳಿರುವವರೆಲ್ಲ ಸೇರಿ, ಗಂಡಸರನ್ನೂ ಸೇರಿಸಿಕೊಂಡು, ಬರವಣಿಗೆಯಲ್ಲಿ ಕೊಡಿ. ನಿನ್ನ ಮಗನಿಗೆ ಸಿಗದಿದ್ದರೂ ನಿನ್ನ ಹಿಂದೆ ಸೇರುವ ಹುಡುಗಿಯ ಮಗುವಿಗೆ ಸಿಗಬಹುದು.

ಹಾಗಾಗಿ ನನ್ನ ಮಾತು ಮನೆ ಹಿಂದಿನ ರಸ್ತೆಯ ಡೇ ಕೇರಿಗೇ. ಅವರ ಕರಪತ್ರದಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ‘ಫೋನಿಕ್ಸ್, ಅಬಾಕಸ್’ ಎಂದು ಬೇರೆ ದುಡ್ಡು ಹಾಕಿದ್ದಾರಲ್ಲ, ಅದು ಬೇಡವೆಂದು ಹೇಳು. ಆ ಹೊತ್ತಿಗೆ ರಾಗಿ ಸರಿ ಕುಡಿಸಿ ಅಂಗಳಕ್ಕೆ ಬಿಡಲಿ, ಮಣ್ಣಿರುವ ಅಂಗಳ ಇದ್ದರೆ. ಫೀಸು ಕಟ್ಟುವ ಮೊದಲು ಬೆಳಗ್ಗೆ ಹತ್ತಕ್ಕೆ ಹೋಗಬೇಡ, ಆಗ ಎಲ್ಲ ಶಾಲೆಯೂ ಚೆಂದ. ಮಧ್ಯಾಹ್ನ ಒಂದೂವರೆಗೆ ಹೇಳದೆ ಹೋಗು. ಮಕ್ಕಳು ಎಲ್ಲಿ ಮಲಗಿದ್ದಾರೆ, ಎದ್ದು ಅತ್ತವನ ಹತ್ತಿರ ಯಾರು ಹೋದರು, ಟಿವಿ ಓಡುತ್ತಿದೆಯಾ ನೋಡು. ಒಳಗೆ ಬಿಡದಿದ್ದರೆ ಅದೇ ಉತ್ತರ.

ಹೋಗುವ ದಿನ ಬೆಳಗ್ಗೆಯೇ ಫೋನ್ ಮಾಡು. ಹನ್ನೊಂದರ ಬಸ್ಸು ಹಿಡಿದರೆ ಊಟದ ಹೊತ್ತಿಗೆ ನಿಮ್ಮ ಮನೆಯಲ್ಲಿರುತ್ತೇನೆ, ನಾನೂ ಬರುತ್ತೇನೆ. ಹತ್ತಾರು ಅಂಗನವಾಡಿಗಳ ಹಾಜರಿ ಪುಸ್ತಕ ನೋಡಿದವಳು, ನನಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಹುರಿಗಾಳು, ಕೊಬ್ಬರಿ ತರುತ್ತೇನೆ, ನೀನು ಅಡುಗೆ ಜಾಸ್ತಿ ಮಾಡಬೇಡ. ಅಳಿಯನಿಗೆ ಆಶೀರ್ವಾದ ಹೇಳು. ನಿಮ್ಮತ್ತೆಗೆ ಕೇಳಿದೆ ಎಂದು ತಿಳಿಸು, ಮಂಡಿಗೆ ಎಣ್ಣೆ ಬೇಕಾದರೆ ಅದನ್ನೂ ತರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ