ಮೂಲೆಮಟ್ಟ

ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿದ ಮೊದಲ ಹನ್ನೊಂದು ವರ್ಷಗಳ ಕಾಲ ನಾನು ಸಮರ್ಥನಾದ ಉಪಾಧ್ಯಾಯನೆಂದೇ ಭಾವಿಸಿಕೊಂಡಿದ್ದೆನು. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ತಲೆಬರಹಗಳ ಕೆಳಗೆ ಪ್ರಮೇಯಗಳನ್ನು ಕರಿಹಲಗೆಯ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ ಬರೆದು, ಮಕ್ಕಳಿಂದ ಹತ್ತು ಹತ್ತು ಸಲ ಬರೆಯಿಸಿ, ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ, ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ಮುಖ್ಯೋಪಾಧ್ಯಾಯರ ಮೆಚ್ಚುಗೆಯನ್ನು ವಿನಯದ ಸೋಗಿನಿಂದ ಸ್ವೀಕರಿಸುವುದು ನನ್ನ ವಾರ್ಷಿಕ ವ್ರತವಾಗಿದ್ದಿತು.

ಆ ವ್ರತವು ಭಂಗವಾದುದು ಒಂದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ. ಕೇಳಿದ್ದುದು ಪೈಥಾಗೊರಸನ ಪ್ರಮೇಯವನ್ನೇ. ಆದರೆ ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸಿದ ಪುಣ್ಯಾತ್ಮರು ತ್ರಿಭುಜಕ್ಕೆ ಎ, ಬಿ, ಸಿ ಎಂದು ಹೆಸರಿಡದೆ ಪಿ, ಕ್ಯೂ, ಆರ್ ಎಂದಿಟ್ಟು, ಲಂಬಕೋನವನ್ನು ಎಡಗಡೆಯ ಕೆಳಮೂಲೆಯಿಂದೆತ್ತಿ ಶಿಖರದಲ್ಲಿ ಕುಳ್ಳಿರಿಸಿದ್ದರು. ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿ ಕಣ್ಣೆದುರಿನ ಚಿತ್ರವನ್ನು ಬಿಟ್ಟು, ತಾವು ಉರುಹೊಡೆದಿದ್ದ ಎ, ಬಿ, ಸಿಯನ್ನೇ ಒಂದಕ್ಷರ ತಪ್ಪದೆ ಬರೆದಿದ್ದರು. ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತ ನನಗೆ ಮೊದಲು ಬಂದುದು ಕೋಪ. ನಡುರಾತ್ರಿಯ ಹೊತ್ತಿಗೆ, ಆ ಬರಹವೆಲ್ಲ ಮಕ್ಕಳದಲ್ಲ, ನನ್ನದೇ ಎಂಬ ಅರಿವುಂಟಾಗಿ ಕೆಂಪು ಶಾಯಿಯ ಲೇಖನಿಯನ್ನು ಕೆಳಗಿಟ್ಟೆನು.

ಮರುದಿನ, ಈ ಪ್ರಮೇಯದಿಂದ ಯಾರಿಗೆ ಏನು ಪ್ರಯೋಜನ ಎಂದು ತರಗತಿಯನ್ನು ಕೇಳಿ (ಅದುವರೆಗೆ ಹಾಗೆ ಕೇಳಿದವರನ್ನು ಗದರಿ ಕೂರಿಸಿದ್ದವನು ನಾನೇ) ಸುಮ್ಮನೆ ನಿಂತೆನು. ಬಹಳ ಹೊತ್ತಿನ ಮೇಲೆ, ಎಂದೂ ಬಾಯಿ ಬಿಡದ ಗಾರೆಕೆಲಸದವನ ಮಗನೊಬ್ಬನು ಹಿಂದಿನ ಬೆಂಚಿನಿಂದ ಎದ್ದನು.

"ಸಾರ್, ಪಾಯ ಹಾಕೋವಾಗ ನಮ್ಮಪ್ಪ ಮೂಲೆಮಟ್ಟಕ್ಕೆ ಒಂದ್ ಕಡೆ ಮೂರಡಿ, ಇನ್ನೊಂದ್ ಕಡೆ ನಾಲ್ಕಡಿ ಗುರುತು ಮಾಡ್ತಾರೆ. ನಡುವೆ ದಾರ ಹಿಡಿದ್ರೆ ಸರಿಯಾಗಿ ಐದಡಿ ಬರ್ಬೇಕು. ಇದೇ ಅಲ್ವಾ ಸಾರ್?"

ಅವನು ಹೇಳಿದುದು ವಾಸ್ತವವಾಗಿ ಪ್ರಮೇಯದ ವಿಲೋಮ. ಹಿಂದಿನ ದಿನದ ನಾನಾಗಿದ್ದರೆ ತಪ್ಪೆಂದು ಹೇಳಿ ಕೂರಿಸುತ್ತಿದ್ದೆನು. ಬೌಧಾಯನನ ಶುಲ್ಬಸೂತ್ರದಲ್ಲಿ ಈ ತತ್ತ್ವವೇ ಇರುವುದೆಂದೂ ಶುಲ್ಬವೆಂದರೆ ಹಗ್ಗವೆಂದೂ ಪ್ರತಿ ವರ್ಷವೂ ಹೆಮ್ಮೆಯಿಂದ ಉಪನ್ಯಾಸ ಮಾಡುತ್ತಿದ್ದ ನಾನು ಒಂದು ದಿನವಾದರೂ ತರಗತಿಗೆ ಹಗ್ಗವನ್ನು ಒಯ್ದವನಲ್ಲ. ಅಂದು ಆ ಹುಡುಗನನ್ನೇ ಮುಂದಿಟ್ಟುಕೊಂಡು ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ದೆನು.

ಇದರಿಂದ ಅಂಕಗಳು ಕೂಡಲೇ ಏರಿದುವೆಂದು ಹೇಳಿದರೆ ಸುಳ್ಳಾದೀತು. ಮುಂದಿನ ವರ್ಷದ ಮೊದಲ ಕಿರುಪರೀಕ್ಷೆಯಲ್ಲಿ ಅವು ಇಳಿದುವು. ಮುಖ್ಯೋಪಾಧ್ಯಾಯರ ಮುಖವೂ ಇಳಿಯಿತು. ಕಂಠಪಾಠವನ್ನೇ ಹಳಿಯುವ ಉತ್ಸಾಹಿಗಳ ಪಂಕ್ತಿಯಲ್ಲಿ ನಾನು ಇಂದಿಗೂ ಕೂರಲಾರೆನು, ಏಕೆಂದರೆ ಮಗ್ಗಿ ಬಾರದವನು ದಾರ ಹಿಡಿದರೂ ಲೆಕ್ಕದಲ್ಲಿ ಮುಗ್ಗರಿಸುವುದನ್ನು ಕಂಡಿದ್ದೇನೆ. ಆದರೆ ಮೂವತ್ತೈದರ ಗಡಿಯನ್ನು ಮುಟ್ಟಲಾರದೆ ಇದ್ದವರು ಒಬ್ಬೊಬ್ಬರಾಗಿ ಅದನ್ನು ದಾಟತೊಡಗಿದುದು ಆಮೇಲೆಯೇ. ಪ್ರಶ್ನೆಪತ್ರಿಕೆ ತಯಾರಿಸುವ ಸರದಿ ಬಂದಾಗಲೆಲ್ಲ ನಾನು ಲಂಬಕೋನವನ್ನು ಬೇರೆ ಬೇರೆ ಮೂಲೆಯಲ್ಲಿಡುತ್ತೇನೆ.